ಹಾಡುವ ಮೊದಲೇ ನೇಯ್ದ ಹೆಸರು

ಎಲ್ಲಕ್ಕೂ ಕಾರಣ ಸಂಗೀತ ಸಂಘದ ಅಧ್ಯಕ್ಷ ಸಿದ್ದಮಲ್ಲಪ್ಪನವರ ಒಂದು ಮಾತು. ವರ್ಷದ ಉತ್ತಮ ಗಾಯಕಿಗೆ ಕೊಡುವ ರೇಷ್ಮೆ ಶಾಲಿನ ತುದಿಯಲ್ಲಿ ಗೆದ್ದವಳ ಹೆಸರು ಜರಿಯಲ್ಲೇ ನೇಯ್ದಿರಬೇಕು, ಹಾಡು ಮುಗಿದ ಕೂಡಲೇ ಹೊದಿಸಬೇಕು ಅಂದುಬಿಟ್ಟರು. ಹೆಸರು ನೇಯಲು ಅರ್ಧ ದಿನ ಬೇಕು. ಆಗದು ಸ್ವಾಮಿ ಅನ್ನಬೇಕಾಗಿದ್ದ ಕೊಳ್ಳೇಗಾಲದ ನೇಕಾರ ಹೊನ್ನಯ್ಯ ಮೀಸೆ ತಿರುವಿಕೊಂಡ.

"ಗೆಲ್ಲೋರು ಯಾರು ಅಂತ ನಂಗೆ ಮುಂಚೇನೇ ಗೊತ್ತಾಯ್ತದೆ, ಬುಡಿ ಸಾ."

"ಸರಿಯಾದ್ರೆ ವರ್ಷಾ ವರ್ಷಾ ಶಾಲು ನಿನ್ನ ಮಗ್ಗದ್ದೇ. ತಪ್ಪಿದ್ರೆ ಈ ಕಡೆ ತಲೆ ಹಾಕ್ಬೇಡ."

ಕೊನೆಯ ಸುತ್ತಿಗೆ ಇಬ್ಬರು ಉಳಿದಿದ್ದರು: ಯಳಂದೂರಿನ ರುದ್ರಾಣಿ, ಬಿಳಿಗಿರಿ ಬೆಟ್ಟದ ಸೋಲಿಗರ ಕೇತಮ್ಮ. ಹೊನ್ನಯ್ಯ ಹಿಂದಿನ ದಿನವೇ 'ರುದ್ರಾಣಿ' ಎಂದು ನೇಯ್ದು ಮುಗಿಸಿದ.

ಸ್ಪರ್ಧೆಯ ದಿನ ಬೆಳಿಗ್ಗೆ ಹೆಂಡತಿ ಸರಸ್ವತಮ್ಮ ನೀರಿನ ಬಿಂದಿಗೆ ಇಳಿಸುತ್ತಾ, "ಕೊಳದತ್ರ ಕೇತಮ್ಮ ಪದ ಆಡ್ಕತಿತ್ತು. ಬಿಂದ್ಗೆ ತುಂಬಿ ನೀರ್ ಅರಿದ್ರೂ ನಂಗೆ ಗೊತ್ತಾಗ್ನಿಲ್ಲ" ಅಂದಳು.

"ಸಂಗೀತ ನಿಂಗೇನ್ ಗೊತ್ತಾಯ್ತದೆ? ಶಾಲು ಮಗ್ಗದಿಂದ ಇಳ್ಸಿ, ಮಡಚಿ, ಸಂಜೆಗೆ ತಕಂಡ್ ಬಾ ಸಾಕು."

ಅಷ್ಟರಲ್ಲಿ ಪಕ್ಕದ ಮನೆಯ ಮಾದಯ್ಯ ಓಡಿ ಬಂದ. "ಲೇ ಹೊನ್ನ, ರುದ್ರಾಣಿಗೆ ಗಂಟ್ಲು ಕಟ್ಕಂಡದಂತೆ ಕಣ್ಲಾ!"

ಹೊನ್ನಯ್ಯ ಒಲೆ ಹಚ್ಚಿದ. ಒಂದು ಚೊಂಬು ಮೆಣಸಿನ ಕಷಾಯ ಕಾಸಿಕೊಂಡು ಹಾಡುವವರು ಇಳಿದುಕೊಂಡಿದ್ದ ಛತ್ರಕ್ಕೆ ಓಡಿದ. ಬಾಗಿಲಲ್ಲಿ ರುದ್ರಾಣಿಯ ತಾಯಿ ಬಸವಮ್ಮ ಕಾವಲು ಕೂತಿದ್ದಳು.

"ಯಾರಯ್ಯ ನೀನು? ಏನ್ ಬೆರ್ಸಿದ್ದೀಯೋ ಯಾರಿಗ್ ಗೊತ್ತು! ಮೊದ್ಲು ನೀನ್ ಕುಡಿ."

ಒಂದು ಲೋಟ ಕುಡಿದ. ಬಸವಮ್ಮನಿಗೆ ನಂಬಿಕೆ ಬರಲಿಲ್ಲ. ಚೊಂಬು ಬರಿದಾಗುವ ಹೊತ್ತಿಗೆ ನಂಬಿಕೆ ಬಂತು, ಕಷಾಯ ಉಳಿದಿರಲಿಲ್ಲ. ರುದ್ರಾಣಿಯ ಗಂಟಲು ತಾನಾಗಿಯೇ ಬಿಟ್ಟುಕೊಂಡಿತು. ಹೊನ್ನಯ್ಯನ ಗಂಟಲು ಎಣ್ಣೆ ಕಾಣದ ಗಾಡಿ ಅಚ್ಚಿನಂತಾಯಿತು.

ಸಂಜೆ ಇನ್ನೊಂದು ತಾಪತ್ರಯ. ಮೂರನೆಯ ತೀರ್ಪುಗಾರರಿದ್ದ ಬಸ್ಸು ಸಂತೆಮರಹಳ್ಳಿಯಲ್ಲಿ ಕೆಟ್ಟು ನಿಂತಿತಂತೆ. "ಗೆಲ್ಲೋರು ಗೊತ್ತಾಯ್ತದೆ ಅಂತೀಯಲ್ಲ, ಬಾ ಕೂತ್ಕೊ" ಎಂದು ಸಿದ್ದಮಲ್ಲಪ್ಪನವರು ಹೊನ್ನಯ್ಯನನ್ನೇ ಕುರ್ಚಿಗೆ ಒತ್ತಿದರು.

ರುದ್ರಾಣಿ ಚೆನ್ನಾಗಿಯೇ ಹಾಡಿದಳು. ಆಮೇಲೆ ಕೇತಮ್ಮ ಶ್ರುತಿಪೆಟ್ಟಿಗೆ, ತಬಲ ಏನೂ ಬೇಡವೆಂದು, ಜೇನು ಕೀಳುವವರ ಹಾಡೊಂದನ್ನು ಎತ್ತಿದಳು. ಕಡಲೆಕಾಯಿ ಮಾರುವವನು ಪೊಟ್ಟಣ ಕಟ್ಟುವುದನ್ನೇ ಮರೆತ. ಹೊನ್ನಯ್ಯನ ಕಣ್ಣಲ್ಲಿ ನೀರು ಬಂತು; ಅದು ಮೆಣಸಿನದಲ್ಲ.

ಒಬ್ಬ ತೀರ್ಪುಗಾರರು ರುದ್ರಾಣಿ ಅಂದರು, ಇನ್ನೊಬ್ಬರು ಕೇತಮ್ಮ ಅಂದರು. ಸಭೆಯೆಲ್ಲ ಹೊನ್ನಯ್ಯನ ಕಡೆ ತಿರುಗಿತು. 'ರು' ಅನ್ನಲು ತುಟಿ ಮುಂದೆ ಮಾಡಿದ. ಅಂದರೆ ಶಾಲು ಉಳಿಯುತ್ತದೆ, ಮಗ್ಗ ಉಳಿಯುತ್ತದೆ. ಆದರೆ ಕಿವಿಯಲ್ಲಿ ಆ ಹಾಡು ಇನ್ನೂ ಕೂತಿತ್ತು.

"ಕೇತಮ್ಮ" ಎಂದು ಕೀರಲು ದನಿ ತೆಗೆದು, ಕಣ್ಣು ಮುಚ್ಚಿಕೊಂಡ.

ಶಾಲು ಬಿಚ್ಚಿದರು. ಚಪ್ಪಾಳೆ ಕೇಳಿ ಕಣ್ಣು ಬಿಟ್ಟರೆ ಜರಿಯಲ್ಲಿ ಮಿರಮಿರನೆ 'ಕೇತಮ್ಮ'! ಹೆಂಗಸರ ಸಾಲಿನಲ್ಲಿದ್ದ ಸರಸ್ವತಮ್ಮ ಸೆರಗು ಸರಿಮಾಡಿಕೊಂಡು ಬೇರೆ ಕಡೆ ನೋಡುತ್ತಿದ್ದಳು. ಹೊನ್ನಯ್ಯನಿಗೆ ಕುಣಿಯುವಷ್ಟು ಸಂತೋಷ. ಆದರೆ ಬಸವಮ್ಮ ಎದ್ದು ನಿಂತಳು.

"ನೋಡ್ರಪ್ಪೋ! ಆಡಕ್ ಮುಂಚೇನೇ ಹೆಸ್ರು ನೇಯ್ಕಂಡ್ ಬಂದವ್ನೆ! ಇವ್ನು ನ್ಯಾಯ ಹೇಳಾನಂತೆ!"

ಯಳಂದೂರಿನವರೆಲ್ಲ ಎದ್ದರು. ಹೊನ್ನಯ್ಯ ಬಾಯಿ ತೆರೆದ. ಗಾಳಿ ಬಂತು, ಮಾತು ಬರಲಿಲ್ಲ. ಕೊನೆಗೆ ಸರಸ್ವತಮ್ಮನೇ ಮುಂದೆ ಬಂದಳು.

"ಅವ್ರು ನೇಯ್ದಿದ್ದು ರುದ್ರಾಣಿ ಅಂತ ಕಣ್ರವ್ವ. ಬಿಚ್ಚಿ ಬೇರೆ ನೇಯ್ದೋಳು ನಾನು, ಅವ್ರಿಗ್ ಗೊತ್ತೇ ಇಲ್ಲ. ಕ್ವಾ, ನೋಡಿ, ಬಿಚ್ಚಿದ್ ಜರಿ ಮಡ್ಲಲ್ಲೇ ಅದೆ."

ಸಭೆ ಗೊಳ್ಳೆಂದು ನಕ್ಕಿತು. ರುದ್ರಾಣಿಯೇ ಎದ್ದು ಹೋಗಿ ಕೇತಮ್ಮನ ಪಕ್ಕ ಕೂತು, "ಅಕ್ಕಾ, ಇನ್ನೊಂದ್ಸಲ ಆಡು, ನಾನೂ ಕಲೀತೀನಿ" ಅಂದಳು. ಆಮೇಲೆ ಯಾರೂ ಜಗಳ ಎತ್ತಲಿಲ್ಲ.

"ಮುಂದಿನ್ ವರ್ಷವೂ ಶಾಲು ನಿನ್ನ ಮಗ್ಗದ್ದೇ ಹೊನ್ನಯ್ಯ" ಅಂದರು ಸಿದ್ದಮಲ್ಲಪ್ಪನವರು. "ಹೆಸರು ಮಾತ್ರ ನಿನ್ನ ಹೆಂಡ್ತಿ ನೇಯ್ಲಿ."

ಮಾರನೆಯ ಬೆಳಿಗ್ಗೆ ಶಾಲಿನ ಕತೆ ಕೇಳಲು ಬೀದಿಯವರೆಲ್ಲ ಬಾಗಿಲಿಗೆ ಬಂದರು. ಹೊನ್ನಯ್ಯ ಮೀಸೆ ತಿರುವಿಕೊಂಡು ಹೊರಬಂದರೆ, "ನೀನಲ್ಲ, ಅಕ್ಕನ್ನ ಕರಿ" ಅಂದ ಮಾದಯ್ಯ.

ಒಳಗಿನಿಂದ ಬಂದ ಸರಸ್ವತಮ್ಮ ಗಂಡನ ಕೈಗೆ ಖಾಲಿ ಬಿಂದಿಗೆ ಕೊಟ್ಟಳು.

"ನಂಗೆ ಮಗ್ಗದ್ ಕೆಲ್ಸ ಅದೆ. ಇನ್ಮೇಲೆ ನೀರಿಗ್ ನೀವೋಗಿ. ಕೊಳದತ್ರ ಯಾರಾರಾ ಪದ ಆಡ್ತಿದ್ರೆ, ಸುಮ್ನೆ ಕೇಳ್ಕಂಡ್ ಬಂದು ಹೇಳಿ."