ಸೊಂಟ ನೋವೆಂದು ಬಂದವರು

ಮದ್ದೂರಿನ ನನ್ನ ಕ್ಲಿನಿಕ್ಕಿನಲ್ಲಿ ಯಾವ ಹೆಂಗಸಾದರೂ ದನಿ ತಗ್ಗಿಸಿ ‘ಸೊಂಟ ನೋವು’ ಎಂದರೆ ನಾನು ಮೊದಲು ಎದ್ದು ಬಾಗಿಲು ಹಾಕುತ್ತೇನೆ. ನಿಜವಾದ ನೋವು ಆಮೇಲೆ ಬಾಯಿಗೆ ಬರುತ್ತದೆ. ಇಷ್ಟು ವರ್ಷವಾದರೂ ಇದು ತಪ್ಪಿಲ್ಲ.

ಮಾತ್ರೆಯಲ್ಲಿ ಪಾಲು

ಸೋಮನಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವಾಕೆ ಬಂದಿದ್ದಳು.

“ಅದಾದ್ಮೇಲೆ ಕಿಬ್ಬೊಟ್ಟೆ ಹಿಂಡ್ದಂಗಾಯ್ತದೆ.”

“ಯಾವುದಾದ ಮೇಲೆ?”

“ಅದೇ ಡಾಕ್ಟ್ರಮ್ಮ, ನಮ್ಮನೇರು ಪಕ್ಕಕ್ ಬಂದೋದ್ಮೇಲೆ.”

ಪರೀಕ್ಷೆ ಮಾಡಿದರೆ ಸೋಂಕು. ಇಂಥದಕ್ಕೆ ಇಬ್ಬರೂ ಮಾತ್ರೆ ತಗೋಬೇಕು, ಇಲ್ಲದಿದ್ದರೆ ಗಂಡನಿಂದ ಮತ್ತೆ ಹೆಂಡತಿಗೇ ಬರುತ್ತದೆ. ಹೊರಗಿದ್ದ ಗಂಡನನ್ನು ಕರೆದು ಹೇಳಿದೆ.

“ನಂಗೇನೂ ನೋವಿಲ್ವಲ್ಲ, ನಾನ್ಯಾಕೆ ನುಂಗ್ಲಿ?” ಎಂದ.

ಹೆಂಡತಿ ಅವನತ್ತ ತಿರುಗಿದಳು. “ನೋವ್ನೆಲ್ಲ ನಾನೇ ತಿಂದಿವ್ನಿ. ಮಾತ್ರೆನಾದ್ರೂ ನೀ ತಿನ್ನು.”

ಹಿಮ್ಮಡಿ

ಮಳವಳ್ಳಿ ಕಡೆಯ ಒಬ್ಬರಿಗೆ ಮುಟ್ಟು ನಿಂತಿತ್ತು. ಗಂಡನ ಜೊತೆ ಸೇರಿದ ಮೇಲೆ ಉರಿ, ಗೀರಿದಂಥ ನೋವು. ಈ ವಯಸ್ಸಿಗೆ ಒಳಗಿನ ಚರ್ಮ ತೆಳುವಾಗಿ ಒಣಗುತ್ತದೆ, ನಾಚಿಕೊಳ್ಳುವಂಥದ್ದೇನಿಲ್ಲ ಎಂದು ಒಳಗೆ ಹಚ್ಚಿಕೊಳ್ಳುವ ಕ್ರೀಮು ಬರೆದುಕೊಟ್ಟೆ.

ನಾಚಿಕೆ ಎಲ್ಲಿ ಬಿಡುತ್ತದೆ? ಇದೇನು ಟ್ಯೂಬು ಎಂದು ಯಜಮಾನರು ಕೇಳಿದ್ದಕ್ಕೆ ‘ಕಾಲೊಡಕಿಗೆ’ ಅಂದುಬಿಟ್ಟರಂತೆ. ಮುಂದಿನ ಸಲ ಬಂದಾಗ, ಹೇಗಿದೆ ಎಂದು ಕೇಳಿದೆ.

“ನಂದು ಅಂಗೇ ಅದೆ ಕಣಮ್ಮ. ಅವರ ಹಿಮ್ಮಡಿ ಮಾತ್ರ ಮಗೀನ್ ಕೆನ್ನೆ ಆಗ್ಬುಟ್ಟದೆ.”

ಅತ್ತೆ

ಹನಕೆರೆಯಿಂದ ಹೊಸದಾಗಿ ಮದುವೆಯಾದ ಹುಡುಗಿ ಅತ್ತೆಯ ಜೊತೆ ಬಂದಳು. ನಾನು ಕೇಳಿದ್ದಕ್ಕೆಲ್ಲ ಅತ್ತೆಯದೇ ಉತ್ತರ.

“ಎಲ್ಲಿ ನೋವು?”

“ಎಲ್ಲೂ ಇಲ್ಲ, ಬರೀ ನಾಟ್ಕ. ನಮ್ ಕಾಲ್ದಲ್ಲಿ ಇವೆಲ್ಲ ಇರ್ಲಿಲ್ಲ ಬುಡಿ.”

ಅತ್ತೆಯನ್ನು ಹೊರಗೆ ಕೂರಿಸಿದೆ. ಹುಡುಗಿ ಮೊದಲು ಅತ್ತಳು, ಆಮೇಲೆ ಹೇಳಿದಳು. ಹೆದರಿಕೆಗೆ ಕೆಳಗಿನ ಮಾಂಸಖಂಡ ಬಿಗಿದುಕೊಂಡು, ಎಲ್ಲ ಮುಗಿದ ಮೇಲೂ ನೋವು ಬಿಡುತ್ತಿರಲಿಲ್ಲ. ಅದನ್ನು ಸಡಿಲಿಸುವ ವ್ಯಾಯಾಮ ಹೇಳಿಕೊಟ್ಟೆ. ನೋವಾದರೆ ಅಲ್ಲಿಗೇ ನಿಲ್ಲಿಸಬೇಕು, ಅವಸರ ಕೂಡದು, ಮುಂದಿನ ಸಲ ಗಂಡನನ್ನೂ ಕರಕೊಂಡು ಬಾ ಎಂದೆ. ಮುಖ ಒರೆಸಿಕೊಂಡು ಎದ್ದಳು.

ಅತ್ತೆ ಒಳಗೆ ಬಂದರು. ಜಗಳಕ್ಕೇ ಬಂದರೆಂದುಕೊಂಡೆ. ಸೊಸೆಯನ್ನು “ನೀ ನಡಿ, ಬತ್ತೀನಿ” ಎಂದು ಕಳಿಸಿ, ಕುರ್ಚಿ ಎಳೆದುಕೊಂಡು ಕೂತರು.

“ಡಾಕ್ಟ್ರಮ್ಮ, ಮದ್ವೆಯಾದಾಗ್ಲಿಂದ ನಂಗೂ ಅದೇ ನೋವು.”

“ಮತ್ತೆ ಇಷ್ಟು ವರ್ಷ ಯಾಕಮ್ಮ ತೋರಿಸಲಿಲ್ಲ?”

“ತೋರ್ಸಕ್ಕೇನೋ ಓಗಿದ್ದೆ. ನಮ್ಮತ್ತೇನ ಆಚೆ ಕಳ್ಸೋ ಡಾಕ್ಟ್ರೇ ಸಿಗ್ಲಿಲ್ಲ!”