ಗೇಟಿನ ಮುಂದೆ ನಿಂತ ಕೋಟಿನವರು

"ನನ್ನ ಕಣ್ಣು ತಪ್ಪಿಸಿ ಯಾವ ಕಂಪನಿಯೂ ಏನೂ ಮಾಡೋಕಾಗಲ್ಲ ಕಣೇ!" ಎಂದು ಕನ್ನಡಕದಂಗಡಿ ಯಜಮಾನರು ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದರು. ಆ ಅಡುಗೆಮನೆಯ ಚಾವಣಿ ಸೋರುತ್ತಿತ್ತು. ಅದರ ರಿಪೇರಿಗೆಂದು ಹೆಂಡತಿ ಕೂಡಿಟ್ಟಿದ್ದ ದುಡ್ಡಿನಲ್ಲಿ ಅರ್ಧ ಆಗಲೇ ಊರಾಚೆಯ ಪುಟ್ಟ ಔಷಧಿ ಕಂಪನಿಯೊಂದರ ಷೇರಾಗಿ ಕೂತಿತ್ತು.

ಕಂಪನಿ ಕೀಲುನೋವಿಗೆ ಹೊಸ ಮದ್ದು ಕಂಡುಹಿಡಿದಿತ್ತು. ಆದರೆ ಅದನ್ನು ಪರೀಕ್ಷೆಗಳೆಲ್ಲ ಮುಗಿಸಿ ಅಂಗಡಿಗೆ ತರಲು ದುಡ್ಡಿರಲಿಲ್ಲ. ಯಾವುದಾದರೂ ದೊಡ್ಡ ಕಂಪನಿ ಪಾಲುದಾರನಾಗಿ ಕೈಹಿಡಿಯಬೇಕು. ಹಿಡಿದರೆ ಷೇರು ಮುಗಿಲಿಗೆ, ಇಲ್ಲದಿದ್ದರೆ ಪಾತಾಳಕ್ಕೆ! ಕಂಪನಿಯವರೋ ತುಟಿ ಪಿಟಕ್ಕೆನ್ನುತ್ತಿಲ್ಲ.

"ಇದರಲ್ಲೇನೋ ಮಸಲತ್ತಿದೆ. ಒಳಗೊಳಗೇ ಮಾತುಕತೆ ನಡೀತಿದೆ," ಎಂದರು ಯಜಮಾನರು.

"ಮಾತಾಡದೇ ಇದ್ರೂ ಅನುಮಾನಾನಾ?"

"ಮಾತಾಡದೇ ಇದ್ರೇನೇ ಅನುಮಾನ!"

ಹಾಗೆಂದು ಮದುವೆಯ ಕೋಟನ್ನು ಹೊರತೆಗೆದು, ಹೊಟ್ಟೆಯನ್ನು ಹೇಗೋ ಅದರೊಳಗೆ ತುರುಕಿ, ಗೂಢಚಾರಿಕೆಗೆ ಹೊರಟರು. ಅಂಗಡಿಗೆ ಬೀಗ! ಕಂಪನಿಯ ಗೇಟಿನೆದುರು ನಿಂತು ಒಳಗೆ ಹೋಗುವ ಕಾರುಗಳನ್ನೆಲ್ಲ ದಿಟ್ಟಿಸಿದರು. ಕಾವಲುಗಾರ ಹತ್ತಿರ ಬಂದು, "ಯಾರು ಸಾರ್, ಏನಾಗಬೇಕಿತ್ತು?" ಎಂದ. ಇವನೂ ಕಂಪನಿಯ ಕಡೆಯವನೇ ತಾನೇ? ಗುಟ್ಟು ಬಿಡಬಾರದೆಂದು ಯಜಮಾನರು ದನಿ ತಗ್ಗಿಸಿ, "ಈಗಲೇ ಹೇಳೋ ಹಾಗಿಲ್ಲಪ್ಪ," ಎಂದರು. ಕಾವಲುಗಾರ ಗಾಬರಿಯಾಗಿ ಸಲಾಮು ಹೊಡೆದ. ಎದುರಿನ ಟೀ ಅಂಗಡಿಯ ಬಳಿಯೂ ಇಬ್ಬರು ಗೇಟನ್ನೇ ನೋಡುತ್ತ ಕೂತಿದ್ದರು. ಅವರ ಮೇಲೂ ಯಜಮಾನರಿಗೆ ಅನುಮಾನ ಬಂತು.

ಮರುದಿನ ಷೇರುದಾರರ ಮೊಬೈಲ್ ಗುಂಪಿನಲ್ಲಿ ಹುಯಿಲೋ ಹುಯಿಲು! "ಕೋಟು ಹಾಕಿದ ದೊಡ್ಡ ಮನುಷ್ಯರೊಬ್ಬರು ಗೇಟಿಗೆ ಬಂದಿದ್ರಂತೆ! ಯಾರು ಅಂದ್ರೆ, ಈಗಲೇ ಹೇಳೋ ಹಾಗಿಲ್ಲ ಅಂದ್ರಂತೆ! ಪಾಲುದಾರ ಕಂಪನಿಯವರೇ ಇರಬೇಕು!" ಜೊತೆಗೆ ಹಿಂದಿನಿಂದ ತೆಗೆದ ಮಸುಕು ಫೋಟೊ. ಷೇರು ಜಿಗಿಯಿತು. ಯಜಮಾನರೂ ಜಿಗಿದರು!

"ನಾನು ಹೇಳ್ಲಿಲ್ವಾ? ಛೆ, ನಾನಿದ್ದಾಗಲೇ ಬಂದಿರ್ಬೇಕು, ಹೇಗೆ ತಪ್ಪಿಸ್ಕೊಂಡನೋ ಕಳ್ಳ!" ಎನ್ನುತ್ತ ಚಾವಣಿಯ ಉಳಿದರ್ಧ ದುಡ್ಡನ್ನೂ ಷೇರಿಗೆ ಸುರಿದೇಬಿಟ್ಟರು.

ಸಂಜೆ ಹೆಂಡತಿ ಫೋಟೊ ನೋಡಿದಳು. ಒಮ್ಮೆ ಹತ್ತಿರದಿಂದ, ಒಮ್ಮೆ ದೂರದಿಂದ.

"ಈ ಕೋಟಿನ ಬೆನ್ನಿಗೆ ತೇಪೆ ಹಾಕಿದ್ದು ನಾನು."

"ಏನಂದೆ?"

"ಈ ಬೋಳುತಲೆಗೆ ದಿನಾ ಎಣ್ಣೆ ಹಚ್ಚೋದೂ ನಾನೇ!"

ಯಜಮಾನರು ಗಾಬರಿಯಿಂದ ಮೊಬೈಲ್ ಹಿಡಿದರೆ ಕಂಪನಿ ಕೊನೆಗೂ ಬಾಯಿಬಿಟ್ಟಿತ್ತು: "ಗೇಟಿಗೆ ಬಂದ ವ್ಯಕ್ತಿ ಯಾರೆಂದು ನಮಗೆ ತಿಳಿಯದು. ಸದ್ಯಕ್ಕೆ ಯಾವ ಪಾಲುದಾರರೂ ಇಲ್ಲ." ಷೇರು ನೆಲ ಕಚ್ಚಿತ್ತು.

ಯಜಮಾನರು ಮೊಬೈಲ್ ಕೆಳಗಿಟ್ಟರು. "ಎಲ್ಲರ ಮೇಲೂ ಅನುಮಾನ ಪಟ್ಟೆ ಕಣೇ. ಆದ್ರೂ ಹೇಗೆ ಮೋಸ ಹೋದೆ?"

ಹೆಂಡತಿ ಸೋರುವ ಜಾಗಕ್ಕೆ ಬಕೆಟ್ ಸರಿಸುತ್ತ ಹೇಳಿದಳು: "ಎಲ್ಲರನ್ನೂ ಬಿಟ್ಟು ನಿಮ್ಮನ್ನೇ ನಂಬಿದ್ರಲ್ಲ, ಅದಕ್ಕೇ!"