ಕುತ್ರಿಯ ಪೂರ್ವಾರ್ಧ

ನ್ಯಾಯವಾಗಿ ಪಾಲು ಮಾಡುವ ವಿಷಯದಲ್ಲಿ ಗುಲ್ವಾಡಿಯಲ್ಲಿ ನನ್ನಷ್ಟು ಓದಿದವರಿಲ್ಲ. ಅರ್ಥಶಾಸ್ತ್ರದಲ್ಲಿ ಎಂ.ಎ.! ಆದರೆ ಈಗಲೂ ಒಣಹುಲ್ಲು ಸರಕ್ಕೆಂದರೆ ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ. ಕಾರಣವಿದೆ.

ಬೇಸಾಯವಿಲ್ಲದೆ ಹಡಿಲು ಬಿದ್ದ ನಮ್ಮ ಗದ್ದೆಯ ಹುಲ್ಲನ್ನು ಪ್ರತಿವರ್ಷ ಕೊಯ್ಯುವವರು ನೆರೆಮನೆಯ ಶೇಷಕ್ಕ. ಕೊಯ್ದು, ಒಣಗಿಸಿ, ಕಂಬ ನೆಟ್ಟು, ಅದರ ಸುತ್ತ ಬಣವೆಯಾಗಿ ಒಟ್ಟಿ ಕುತ್ರಿ ಹಾಕುತ್ತಾರೆ. ಅರ್ಧ ಅವರಿಗೆ, ಅರ್ಧ ನಮಗೆ. ಮಳೆಗಾಲವಿಡೀ ಅವರ ಎರಡು ದನಗಳಿಗೂ ನಮ್ಮ ಒಂದಕ್ಕೂ ಅದೇ ಆಧಾರ. ಯಾರು ಎಷ್ಟು ಹುಲ್ಲು ಹಿರಿದು ಒಯ್ದರೆಂದು ಯಾರೂ ನೋಡಿದ್ದಿಲ್ಲ. ಇದು ನನಗೆ ತೀರಾ ಅವೈಜ್ಞಾನಿಕವಾಗಿ ಕಂಡಿತು.

ಕರಾರುಪತ್ರ ಬರೆದೆ. ಕಂಬದ ನೇರಕ್ಕೆ ನೆಲದ ಮೇಲೆ ಸುಣ್ಣದ ಗೆರೆ. ಪೂರ್ವಾರ್ಧ ನನ್ನದು, ಪಶ್ಚಿಮಾರ್ಧ ಶೇಷಕ್ಕನದು. ಗೆರೆಯಾಚೆಗಿನ ಯಾವ ವಸ್ತುವಿಗೂ ಎದುರು ಪಕ್ಷದವರು ಕೈ ಹಾಕತಕ್ಕದ್ದಲ್ಲ.

"ಕುತ್ರಿ ಸುತ್ತ ಹಿರಿಕ್ ಮಾಷ್ಟ್ರೆ," ಎಂದರು ಶೇಷಕ್ಕ. "ಒಂದೇ ಬದಿ ಹಿರಿದ್ರೆ ಮಗುಚತ್ತ್."

ಅದು ಭೌತಶಾಸ್ತ್ರ, ಇದು ಅರ್ಥಶಾಸ್ತ್ರ ಎಂದು ವಿವರಿಸಿದೆ. ಅವರು ನಕ್ಕು ಸಹಿ ಹಾಕಿದರು.

ಮಳೆ ಬರುವ ತನಕ ಶೇಷಕ್ಕ ದನಗಳನ್ನು ಮೇಯಲು ಬಿಟ್ಟು ತಮ್ಮ ಪಾಲು ಮುಟ್ಟಲಿಲ್ಲ. ನಾನು ದಿನವೂ ಹಿರಿದೆ. ತಿಂಗಳಲ್ಲಿ ನನ್ನ ಬದಿ ಕಂಬದವರೆಗೂ ಗುಹೆಯಾಯಿತು. ಒಳಗೆ ಒಳ್ಳೆ ತಂಪು! ಕುಳಿತು ಫೋನ್ ನೋಡಬಹುದಿತ್ತು.

ಆ ಬೆಳಿಗ್ಗೆ ಇನ್ನೊಂದು ಹಿಡಿ ಹಿರಿದೆ. ತಲೆಯ ಮೇಲೆ ಸರಕ್ಕೆಂದಿತು. ಓಡಲು ಎದ್ದವನು ಜಾರಿ ಬೋರಲು ಬಿದ್ದೆ. ಶೇಷಕ್ಕನ ಪಾಲು ಪೂರ್ತಿಯಾಗಿ ನನ್ನ ಪಾಲಿಗೆ ಬಂತು! ಕತ್ತಲೆ, ಬಾಯಿ ತುಂಬ ಧೂಳು, ಬೆನ್ನ ಮೇಲೆ ಒಂದು ಮಳೆಗಾಲದ ಮೇವು. ಉಸಿರು ಸಾಲುತ್ತಿರಲಿಲ್ಲ. ಹೊರಗೆ ನನ್ನ ಹೆಂಡತಿ ಶೇಷಕ್ಕನನ್ನು ಕೂಗಿದ್ದು, ಅವರು ಓಡಿ ಬಂದದ್ದು ಕೇಳಿಸಿತು.

"ಹ್ವಾಯ್ ಮಾಷ್ಟ್ರೆ, ಹುಲ್ಲೆಲ್ಲ ನಿಮ್ ಬದಿಗ್ ಬಿದ್ದಿತ್ತಲೆ. ಕೈ ಹಾಕುಕಾಗ ಅಂದೇಳಿ ಬರ್ದದ್ ನೀವೇ ಅಲ್ದಾ?"

ಕರಾರು ರದ್ದು ಎಂದು ನಾನು ಒಳಗಿನಿಂದ ಘೋಷಿಸಿದೆ. ಹೊರಗಿದ್ದವರಿಗೆ ಅದು ಸೀನಿದಂತೆ ಕೇಳಿಸಿತಂತೆ.

"ಇರ್ಲಿ, ಎರಡ್ ಕಾಲ್ ಗೆರೆ ದಾಟಿ ನನ್ ಬದಿಯಂಗಿತ್ತ್," ಎಂದರು ಶೇಷಕ್ಕ. "ಇದ್ ನನ್ ಪಾಲ್."

ಹಿಡಿದು ಎಳೆದರು. ನಾನು ಬಂದೆ. ನನ್ನ ಪಂಚೆ ಮಾತ್ರ ಕರಾರಿಗೆ ಬದ್ಧವಾಗಿ ಪೂರ್ವಾರ್ಧದಲ್ಲೇ ಉಳಿಯಿತು.

ಮಧ್ಯಾಹ್ನದವರೆಗೆ ನಾನು ಹುಲ್ಲು ಎತ್ತಿಕೊಟ್ಟೆ, ಶೇಷಕ್ಕ ಮತ್ತೆ ಕುತ್ರಿ ಒಟ್ಟಿದರು. ಈಗ ಸುತ್ತಲೂ ಹಿರಿಯುತ್ತೇವೆ. ಅಂದರೆ, ಅವರು ಹಿರಿದು ನಮ್ಮ ಪಾಲನ್ನೂ ದನದ ಹಟ್ಟಿಗೆ ತಂದು ಹಾಕುತ್ತಾರೆ. ಪಾಲು ನ್ಯಾಯವಾಗಿದೆಯೇ ಎಂದು ನಾನು ಖುದ್ದಾಗಿ ಪರಿಶೀಲಿಸುತ್ತೇನೆ.

ನಮ್ಮ ಅಡುಗೆಮನೆಯ ಕಿಟಕಿಯಿಂದ.